ನೇಮ ಒಂದೇ ಇರಲಿ, ಅಳತೆಯಲ್ಲಿರಲಿ

ಪ್ರಶ್ನೆ:

ಅಕ್ಕನವರಿಗೆ ಶರಣು. ನನಗೆ 39 ವರ್ಷ. ದಾವಣಗೆರೆಯಲ್ಲಿ ಸಹಕಾರಿ ಬ್ಯಾಂಕೊಂದರ ಕೌಂಟರ್‌ನಲ್ಲಿ ಕೆಲಸ. ಯಜಮಾನರದು ಬಟ್ಟೆ ಅಂಗಡಿ. ಇಬ್ಬರು ಮಕ್ಕಳು, ಅತ್ತೆ ಜೊತೆಗಿದ್ದಾರೆ. ಚಿಕ್ಕಂದಿನಿಂದ ಲಿಂಗಪೂಜೆ ಮಾಡಿಕೊಂಡು ಬಂದವಳು. ಎರಡು ವರ್ಷದಿಂದ ಇನ್ನೂ ಏನಾದರೂ ಮಾಡಬೇಕು ಅನ್ನಿಸಿ ಒಂದೊಂದೇ ಸೇರಿಸುತ್ತಾ ಬಂದೆ. ಈಗ ಬೆಳಗ್ಗೆ 4:30ಕ್ಕೆ ಅಲಾರಂ. ಆ್ಯಪ್ ಹಾಕಿಕೊಂಡು ಧ್ಯಾನ, ಆಮೇಲೆ ಲಿಂಗಪೂಜೆ, ಅಡುಗೆ ಮಾಡುವಾಗ ಯೂಟ್ಯೂಬ್‌ನಲ್ಲಿ ಪ್ರವಚನ. ಸೋಮವಾರ ಪೂರ್ತಿ ಉಪವಾಸ, ಸಂಜೆ ಹರಿಹರದ ಗುಡಿಗೆ. ಶುಕ್ರವಾರ ಗೆಳತಿ ಹೇಳಿಕೊಟ್ಟ ಸ್ತೋತ್ರ. ಭಾನುವಾರ ಆನ್‌ಲೈನ್ ಧ್ಯಾನದ ಕ್ಲಾಸ್. ಮಲಗುವಾಗ ರಾತ್ರಿ 11:30. ಇಷ್ಟು ಮಾಡಿದರೂ ನೆಮ್ಮದಿ ಇಲ್ಲ. ಒಂದು ತಪ್ಪಿದರೆ ದಿನವೆಲ್ಲ ಕೊರಗು. ಮುಟ್ಟಿನ ದಿನಗಳಲ್ಲಿ ಅತ್ತೆ ಪೂಜೆ ಬೇಡ ಅನ್ನುತ್ತಾರೆ. ಆಗ ನೇಮವೇ ಮುರಿದುಹೋಯಿತು ಅನ್ನಿಸುತ್ತದೆ. ಮೊನ್ನೆ ಪೂಜೆ ಮುಗಿಸಿ ಎದ್ದವಳು, ಶೂ ಸಿಗಲಿಲ್ಲ ಅಂದ ಮಗನ ಮೇಲೆ ಕೂಗಾಡಿಬಿಟ್ಟೆ. ಅವನು ‘ಅಮ್ಮ, ನೀನು ಪೂಜೆ ಮಾಡದಿದ್ದ ದಿನಾನೇ ಚೆನ್ನಾಗಿರ್ತೀಯ’ ಅಂದ. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. 10 ದಿನದ ಮೌನ ಶಿಬಿರಕ್ಕೆ ಸೇರಿದರೆ ಸರಿಹೋಗಬಹುದಾ? ಸಂಸಾರದಲ್ಲಿ ಇದ್ದುಕೊಂಡು ಮನಸ್ಸನ್ನು ಸಮ ಇಟ್ಟುಕೊಳ್ಳುವುದು ಸಾಧ್ಯವಾ ಅಕ್ಕ?

ಉತ್ತರ:

ತಂಗಿ, ನಿಮಗೂ ಶರಣು.

ನಿಮ್ಮ ಪತ್ರ ಓದಿ ನಾನು ಮೊದಲು ಲೆಕ್ಕ ಹಾಕಿದ್ದು ನಿಮ್ಮ ನಿದ್ದೆಯನ್ನು. ರಾತ್ರಿ 11:30ರಿಂದ ಬೆಳಗಿನ 4:30. ಬರೀ 5 ಗಂಟೆ. ದೊಡ್ಡವರಿಗೆ ಕಡಿಮೆ ಅಂದರೂ 7 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ನಿದ್ದೆ ಕಡಿಮೆಯಾದರೆ ಮೊದಲು ಕೆಡುವುದು ತಾಳ್ಮೆ. ಶೂ ಸಿಗದ ಮಗನ ಮೇಲೆ ಕೂಗಾಡಿದ್ದಕ್ಕೆ ನಿಮ್ಮ ಭಕ್ತಿಯಲ್ಲಿ ದೋಷ ಹುಡುಕಬೇಡಿ. ಎರಡು ವರ್ಷದಿಂದ ದಿನಕ್ಕೆ ಎರಡು ಗಂಟೆ ನಿದ್ದೆ ಸಾಲ ಮಾಡಿಕೊಂಡು ಬಂದಿದ್ದೀರಿ. ಆ ಸಾಲ ಮನೆಯವರ ಮೇಲೆ ಸಿಟ್ಟಾಗಿ ತೀರುತ್ತಿದೆ.

ಬ್ರಾಹ್ಮೀ ಮುಹೂರ್ತದಲ್ಲೇ ಏಳಬೇಕಲ್ವಾ ಅಂತ ನೀವು ಕೇಳಬಹುದು. ಅದರ ಲೆಕ್ಕ ಹೀಗಿದೆ. ಒಂದು ಮುಹೂರ್ತ ಅಂದರೆ 48 ನಿಮಿಷ. ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮುಂಚೆ ಶುರುವಾಗಿ, 48 ನಿಮಿಷ ಮುಂಚೆ ಮುಗಿಯುವ ಹೊತ್ತು ಅದು. ನಮ್ಮ ಸೀಮೆಯಲ್ಲಿ ಜೂನ್‌ನಲ್ಲಿ ಸೂರ್ಯ ಹುಟ್ಟುವುದು 6 ಗಂಟೆಯ ಆಸುಪಾಸು, ಜನವರಿಯಲ್ಲಿ 7ಕ್ಕೆ ಸ್ವಲ್ಪ ಮುಂಚೆ. ಹಾಗಾಗಿ ವರ್ಷವೆಲ್ಲ 4:30 ಅನ್ನುವ ನಿಯಮ ಶಾಸ್ತ್ರದಲ್ಲೂ ಇಲ್ಲ. ಇನ್ನೂ ದೊಡ್ಡ ವಿಷಯ ಬೇರೆ ಇದೆ. ಆ ಹೊತ್ತಿಗೆ ಏಳುತ್ತಿದ್ದ ಹಿರಿಯರು ದೀಪ ಹಚ್ಚಿ ಸ್ವಲ್ಪ ಹೊತ್ತಿಗೆಲ್ಲ ಉಂಡು ಮಲಗುತ್ತಿದ್ದರು. ಅವರ ಬೆಳಗನ್ನು ಮಾತ್ರ ತೆಗೆದುಕೊಂಡು ಅವರ ರಾತ್ರಿಯನ್ನು ಬಿಟ್ಟರೆ ದೇಹ ಎಷ್ಟು ದಿನ ತಡೆದೀತು? ನೀವು 10:30ಕ್ಕೆ ಮಲಗಿ 5:30ಕ್ಕೆ ಏಳಿ. ನಾನು ಹೇಳುವ ಬೇರೆ ಯಾವ ಮಾತನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿದ್ದೀರಲ್ವಾ? ಅಲ್ಲಿ ಅಂಕಲಿ ಮಠದ ಗುಹೆಯೊಳಗೆ ಟಾರ್ಚ್ ಹಿಡಿದು ಕರೆದುಕೊಂಡು ಹೋಗುತ್ತಾರೆ. ಪೂಜೆ ಮಾಡುತ್ತಿದ್ದ ಜಾಗ, ಸ್ನಾನದ ಜಾಗ, ಮಲಗುವ ಜಾಗ ಅಂತ ಒಂದೊಂದನ್ನೇ ತೋರಿಸುತ್ತಾರೆ. ಮನೆ ಮಠ ಬಿಟ್ಟು ಬೆಟ್ಟದ ಹೊಟ್ಟೆಯೊಳಗೆ ತಪಸ್ಸಿಗೆ ಕೂತವರು ಕೂಡ ಮಲಗುವುದಕ್ಕೆ ಅಂತ ಒಂದು ಜಾಗ ಮಾಡಿಕೊಂಡಿದ್ದರು. ನಮ್ಮ ಶಿಬಿರಗಳಿಗೆ ಬರುವವರಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ‘ಎಲ್ಲವೂ ಒಳ್ಳೆಯದೇ, ಯಾವುದನ್ನು ಬಿಡಲಿ’ ಅನ್ನುವ ಸಂಕಟ ನಿಮ್ಮದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆ ಗೊತ್ತೇ ಇರುತ್ತದೆ. 12ನೇ ಶತಮಾನದ ಶರಣ ದಂಪತಿ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಿಂದಲೇ ಅಡುಗೆ ಮಾಡಿ ಜಂಗಮರಿಗೆ ನೀಡಿ ತಾವು ಉಣ್ಣುವುದು ಮನೆಯ ನೇಮ. ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಇಷ್ಟು ನಮಗೆ ಬೇಡ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದರು.

ಈ ಕಥೆಯನ್ನು ಸಾಮಾನ್ಯವಾಗಿ ದುರಾಸೆ ಬೇಡ ಅನ್ನುವುದಕ್ಕೆ ಹೇಳುತ್ತಾರೆ. ಅದು ಸರಿಯೇ. ಆದರೆ ಸ್ವಲ್ಪ ನಿಂತು ನೋಡಿ ತಂಗಿ. ಆ ಅಕ್ಕಿ ಅವರೇನೂ ಕೂಡಿಟ್ಟುಕೊಳ್ಳಲು ತಂದದ್ದಲ್ಲ. ಇನ್ನೂ ನಾಲ್ಕು ಜನರಿಗೆ ದಾಸೋಹ ಮಾಡಬಹುದಿತ್ತು. ಪುಣ್ಯದ ಕೆಲಸವೇ ಆಗುತ್ತಿತ್ತು. ಆದರೂ ಲಕ್ಕಮ್ಮ ಬೇಡ ಅಂದರು. ಒಳ್ಳೆಯದಾದರೂ ಅಳತೆ ಮೀರಬಾರದು ಅನ್ನುವ ಎಚ್ಚರ ಆ ತಾಯಿಗಿತ್ತು. ಇವತ್ತು ಎರಡು ಪಾವು ಹೆಚ್ಚು ಬಂದರೆ ನಾಳೆಯೂ ಅಷ್ಟೇ ಬರಬೇಕು ಅನ್ನಿಸುತ್ತದೆ. ಬರದಿದ್ದ ದಿನ ಮನಸ್ಸು ಕೊರಗುತ್ತದೆ. ಆಮೇಲೆ ಕಾಯಕ ಹಿಂದೆ ಸರಿದು ಕೊರಗೇ ಮುಂದೆ ಬಂದು ಕೂರುತ್ತದೆ. ನಿಮಗೆ ಆಗಿರುವುದು ಇದೇ. ನಿಮ್ಮ ಆ್ಯಪ್, ಸ್ತೋತ್ರ, ಪ್ರವಚನ ಯಾವುದೂ ಕೆಟ್ಟದ್ದಲ್ಲ. ಅವು ನಿಮ್ಮ ಅಂಗಳದ ಹೆಚ್ಚಿನ ಅಕ್ಕಿ. ಸುಮ್ನೆ ಅಲ್ಲೇ ಸುರಿದು ಬನ್ನಿ.

ಹೀಗೆ ಸೇರಿಸಿಕೊಳ್ಳುತ್ತಾ ಹೋಗುವುದು ಈಗ ತುಂಬಾ ಜನರಲ್ಲಿ ಕಾಣುತ್ತೇನೆ. ತರಳಬಾಳು ಹುಣ್ಣಿಮೆ ಬಂತು ಅನ್ನಿ. 9 ದಿನ ಒಳ್ಳೆಯ ಮಾತು ಕೇಳುತ್ತಾರೆ, ಸಂಗೀತ ಕೇಳುತ್ತಾರೆ, ಸಾವಿರಾರು ಜನರ ಜೊತೆ ಕೂರುತ್ತಾರೆ. ಮಾಘದ ಹುಣ್ಣಿಮೆಗೆ ಅದು ಮುಗಿಯುವ ಹೊತ್ತಿಗೆ ಮನಸ್ಸು ತುಂಬಿರುತ್ತದೆ. ಆ ತುಂಬಿದ ಮನಸ್ಸಿನಲ್ಲಿ ಹೊಸ ನೇಮ ಹಿಡಿದುಬಿಡುತ್ತಾರೆ. ಶ್ರಾವಣದ ಪ್ರವಚನ ಮುಗಿದಾಗ ಇನ್ನೊಂದು. ವಾಟ್ಸ್ಆ್ಯಪ್‌ನಲ್ಲಿ ‘108 ಸಲ ಬರೆಯಿರಿ’ ಅಂತ ಬಂದರೆ ಮತ್ತೊಂದು. ಹಿಡಿದ ನೇಮವನ್ನು ಬಿಡುವುದು ಪಾಪ ಅನ್ನುವ ಭಯ ಬೇರೆ. ಆದ್ದರಿಂದ ಪಟ್ಟಿ ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದೇ ಇಲ್ಲ. ಉತ್ಸಾಹದಲ್ಲಿ ಇದ್ದಾಗ ನೇಮ ಹಿಡಿಯಬೇಡಿ ಅಂತ ನಮ್ಮ ಅಕ್ಕನ ಬಳಗದಲ್ಲಿ ಹೇಳುತ್ತಲೇ ಇರುತ್ತೇನೆ. ಜ್ವರ ಬಂದ ದಿನವೂ, ಮನೆಗೆ ನೆಂಟರು ತುಂಬಿದ ದಿನವೂ ಮಾಡಲು ಆಗುವಷ್ಟನ್ನು ಮಾತ್ರ ಹಿಡಿಯಿರಿ. ನೇಮದ ಅಳತೆಯನ್ನು ಕಷ್ಟದ ದಿನ ನೋಡಿ ಗೊತ್ತು ಮಾಡಬೇಕು.

ಹಾಗಾದರೆ ಯಾವುದು ಉಳಿಯಲಿ? ನಿಮ್ಮ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಚಿಕ್ಕಂದಿನಿಂದ ನಿಮ್ಮ ಜೊತೆ ಬಂದಿರುವುದು ಲಿಂಗಪೂಜೆ. ಅದೊಂದೇ ಉಳಿಯಲಿ, 20 ನಿಮಿಷ. ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆವರೆಗೆ ಬೇರೆ ಏನೂ ಬೇಡ.

ಆ 20 ನಿಮಿಷವನ್ನು ಹೇಗೆ ಕಳೆಯಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಿನಾ ಮಾಡುವ ಪೂಜೆಯಲ್ಲಿ ಕೈ ತಾನಾಗಿಯೇ ಓಡುತ್ತಿರುತ್ತದೆ, ಮನಸ್ಸು ಟಿಫಿನ್ ಡಬ್ಬಿಯ ಹತ್ತಿರ ಇರುತ್ತದೆ. ಮೊದಲು ಫೋನನ್ನು ಬೇರೆ ಕೋಣೆಯಲ್ಲಿಡಿ. ಸ್ನಾನವಾಗಿದ್ದರೆ ಒಳ್ಳೆಯದು, ಆಗದ ದಿನ ಕೈಕಾಲು ಮುಖ ತೊಳೆದರೂ ಸಾಕು. ಮಣೆ ಅಥವಾ ಚಾಪೆ ಮೇಲೆ ಕೂತುಕೊಳ್ಳಿ. ಮಂಡಿ ನೋವಿದ್ದರೆ ಕುರ್ಚಿ ಮೇಲೆ ಕೂರುವುದರಲ್ಲಿ ಯಾವ ದೋಷವೂ ಇಲ್ಲ. ವಿಭೂತಿ ಹಚ್ಚಿಕೊಳ್ಳಿ. ಕರಡಿಗೆಯಿಂದ ಲಿಂಗವನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿ ಎಡಗೈಯ ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದು ಪತ್ರೆ ಅಥವಾ ಒಂದು ಹೂವು ಏರಿಸಿ, ಆಮೇಲೆ ಅದನ್ನು ಪಕ್ಕಕ್ಕೆ ತೆಗೆದಿಡಿ. ಕೈ ಎದೆಯ ಮಟ್ಟಕ್ಕಿರಲಿ. ಕೈ ಸೋಲುತ್ತದೆ, ಅದು ಎಲ್ಲರಿಗೂ ಆಗುವುದೇ. ಮೊಣಕೈಗೆ ದಿಂಬು ಕೊಟ್ಟುಕೊಳ್ಳಿ, ಇಲ್ಲವೇ ಬಲಗೈಯನ್ನು ಕೆಳಗೆ ಆಸರೆಗೆ ಇಟ್ಟುಕೊಳ್ಳಿ.

ದೀಪ ಎದುರಿಗೆ ಬೇಡ, ಪಕ್ಕಕ್ಕೆ ಸ್ವಲ್ಪ ಹಿಂದೆ ಇರಲಿ. ಬೆಳಕು ಲಿಂಗದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಇಷ್ಟಲಿಂಗದ ಮೇಲಿನ ಕಪ್ಪು ಹೊದಿಕೆ ಹೊಳೆಯುವಂತೆ ಇರುವುದು ಸುಮ್ಮನೆ ಅಲ್ಲ. ದೀಪದ ಬೆಳಕು ಅದರ ಮೇಲೆ ಬಿದ್ದಾಗ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ದೃಷ್ಟಿ ಅಲ್ಲಿ ನಿಲ್ಲಬೇಕು. ಮೊದಮೊದಲು ಮೂರರಿಂದ ಐದು ನಿಮಿಷ ಸಾಕು. ರೆಪ್ಪೆ ಬಡಿಯಬಾರದು ಅಂತ ಹಟ ಬೇಡ. ಕಣ್ಣಲ್ಲಿ ನೀರು ಬಂದರೆ ಅಲ್ಲಿಗೆ ನಿಲ್ಲಿಸಿ. ಗ್ಲುಕೋಮಾ, ರೆಟಿನಾ ತೊಂದರೆ, ಮೂರ್ಛೆ ರೋಗ, ಅರೆತಲೆನೋವು ಇದ್ದವರು ಕಣ್ಣಿನ ವೈದ್ಯರನ್ನೋ ತಮ್ಮ ವೈದ್ಯರನ್ನೋ ಕೇಳದೆ ದೃಷ್ಟಿ ಇಡುವ ಅಭ್ಯಾಸ ಮಾಡಬಾರದು. ಅಂಥವರು ಕಣ್ಣು ಮುಚ್ಚಿ ಅಂಗೈಯಲ್ಲಿ ಲಿಂಗದ ಭಾರವನ್ನು ಗಮನಿಸುತ್ತಾ ಕೂರಬಹುದು. ಅದೂ ಪೂಜೆಯೇ.

ಆಮೇಲೆ ಕಣ್ಣು ಮುಚ್ಚಿ ಉಸಿರಿನ ಜೊತೆ ಮಂತ್ರ. ‘ಓಂ’ ಅನ್ನುತ್ತಾ ಉಸಿರು ಒಳಗೆ, ‘ನಮಃ ಶಿವಾಯ’ ಅನ್ನುತ್ತಾ ಉಸಿರು ಹೊರಗೆ. ಮಂತ್ರದ ಉದ್ದವೇ ಹಾಗಿದೆ ನೋಡಿ. ಒಳಗೆ ಹೋಗುವ ಉಸಿರಿಗಿಂತ ಹೊರಗೆ ಬರುವ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಜಾಸ್ತಿಯಾಗುತ್ತದೆ, ಬಿಡುವಾಗ ಕಡಿಮೆಯಾಗುತ್ತದೆ. ಆದ್ದರಿಂದ ಉದ್ದವಾಗಿ ಉಸಿರು ಬಿಡುವವರಿಗೆ ದೇಹವೇ ಶಾಂತವಾಗುತ್ತಾ ಬರುತ್ತದೆ. ನಿಮಿಷಕ್ಕೆ ಆರು ಉಸಿರಿನಷ್ಟು ನಿಧಾನವಾದರೆ ತುಂಬಾ ಒಳ್ಳೆಯದು, ಆದರೆ ಎಣಿಸುತ್ತಾ ಕೂರಬೇಡಿ. ಉಸಿರು ಕಟ್ಟಿ ಹಿಡಿಯುವುದೂ ಬೇಡ. ಮನಸ್ಸು ಬ್ಯಾಂಕಿಗೆ ಹೋಗುತ್ತದೆ, ಮಗಳ ಫೀಸಿಗೆ ಹೋಗುತ್ತದೆ. ಹೋಗಲಿ. ಹೋಗಿದೆ ಅಂತ ಗೊತ್ತಾದ ಕೂಡಲೇ ಮತ್ತೆ ಮಂತ್ರಕ್ಕೆ ಬನ್ನಿ. ಬೈದುಕೊಳ್ಳದೆ ವಾಪಸ್ ಬರುವುದೇ ಇಲ್ಲಿ ನಡೆಯುವ ಅಭ್ಯಾಸ. ಮಗ ಶೂ ಸಿಗಲಿಲ್ಲ ಅಂದಾಗ ನಿಮಗೆ ಬೇಕಾಗುವುದೂ ಅದೇ, ಅಲ್ವಾ? ಸಿಟ್ಟು ಎದ್ದಿತು ಅಂತ ಗೊತ್ತಾಗಬೇಕು, ಅಲ್ಲಿಂದ ವಾಪಸ್ ಬರಬೇಕು.

ಬೆಳಕು ಕಂಡಿತಾ, ನಾದ ಕೇಳಿಸಿತಾ ಅಂತ ಕೆಲವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಅದರ ಬೆನ್ನು ಹತ್ತಬೇಡಿ.

ಪೂಜೆ ಮುಗಿದ ಮೇಲಿನ ಹತ್ತು ನಿಮಿಷದ ಬಗ್ಗೆ ಹೇಳಲೇಬೇಕು. ನಿಮ್ಮ ಮಗನ ಮಾತಿಗೆ ಉತ್ತರ ಇರುವುದು ಅಲ್ಲಿ. ಮನಸ್ಸು ಅಷ್ಟು ಹೊತ್ತು ಮೆತ್ತಗಾಗಿರುತ್ತದೆ. ಅದೇ ಕ್ಷಣ ಎದ್ದು ಗಡಿಯಾರ ನೋಡಿ ‘ಅಯ್ಯೋ ಹೊತ್ತಾಯಿತು’ ಅಂತ ಅಡುಗೆಮನೆಗೆ ನುಗ್ಗಿದರೆ, ಮೆತ್ತಗಾದ ಮನಸ್ಸಿಗೆ ಸಣ್ಣ ಶಬ್ದವೂ ದೊಡ್ಡದಾಗಿ ತಾಗುತ್ತದೆ. ಪೂಜೆ ಮಾಡಿದ ದಿನ ನೀವು ಜಾಸ್ತಿ ಸಿಡುಕುವುದಕ್ಕೆ ಇದೂ ಒಂದು ಕಾರಣ. ‘ನಾನು ಇಷ್ಟು ಕಷ್ಟಪಟ್ಟು ಪೂಜೆ ಮಾಡಿದ್ದೇನೆ, ಈ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ’ ಅನ್ನುವ ನೋವು ಇನ್ನೊಂದು. ಅದಕ್ಕೆ ಹೀಗೆ ಮಾಡಿ. ಲಿಂಗವನ್ನು ಕರಡಿಗೆಯಲ್ಲಿಟ್ಟ ಮೇಲೆ ಎರಡು ನಿಮಿಷ ಸುಮ್ಮನೆ ಕೂತಿರಿ. ಎದ್ದ ಮೇಲೆ ಮೊದಲು ಮಾಡುವ ಕೆಲಸವನ್ನು ಮಾತಿಲ್ಲದೆ, ನಿಧಾನವಾಗಿ ಮಾಡಿ. ಹಾಲು ಕಾಯಿಸುವುದೋ, ಹಿಟ್ಟು ಕಲಸುವುದೋ ಯಾವುದಾದರೂ ಸರಿ. ಪ್ರವಚನದ ವಿಡಿಯೋ ಹಾಕಬೇಡಿ. ಕೇಳಿದ್ದೆಲ್ಲ ಒಳಗೆ ಇಳಿಯಲು ಸ್ವಲ್ಪ ಮೌನ ಬೇಕಾಗುತ್ತದೆ. ಮಕ್ಕಳನ್ನು ಎಬ್ಬಿಸುವುದು ಅದಾದ ಮೇಲೆ. ಮಗ ಹೇಳಿದ್ದು ನಿಮಗೆ ಚುಚ್ಚಿದೆ, ನನಗೆ ಗೊತ್ತು. ಆದರೆ ಅವನು ನಿಮಗೆ ಬಹಳ ಹತ್ತಿರದವನಾಗಿ ನಿಜ ಹೇಳಿದ್ದಾನೆ. ಒಂದು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ನೀನು ಹೇಳಿದ್ದು ಸರಿ ಕಣೋ’ ಅನ್ನಿ. ಅಮ್ಮ ಅಷ್ಟು ಹೇಳಿದರೆ ಆ ಮಗುವಿಗೆ ಪೂಜೆಯ ಮೇಲೂ ಪ್ರೀತಿ ಉಳಿಯುತ್ತದೆ.

ಮಾರಯ್ಯನವರ ಕಥೆಗೆ ಇನ್ನೊಂದು ಭಾಗ ಇದೆ. ಒಮ್ಮೆ ಅವರು ಅಲ್ಲಮಪ್ರಭುಗಳ ಜೊತೆ ಅನುಭಾವದ ಮಾತಿನಲ್ಲಿ ಮುಳುಗಿ ಅಕ್ಕಿ ಆಯುವುದನ್ನೇ ಮರೆತರು. ಲಕ್ಕಮ್ಮ ಬಂದು ಕಾಯಕ ನಿಂತಿದೆ ಅಂತ ಎಚ್ಚರಿಸಿದರು. ಬಹಳ ಜನ ಬಸವಣ್ಣನವರದು ಅಂದುಕೊಂಡಿರುವ ‘ಕಾಯಕವೇ ಕೈಲಾಸ’ ಅನ್ನುವ ಮಾತು ಬರುವುದು ಇದೇ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುವಷ್ಟು ದೂರ ಹೋಗುತ್ತಾರೆ ಅವರು. ಮಗುವಿಗೆ ಜ್ವರ ಬಂದ ದಿನ, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ, ಮಾರ್ಚ್ ಕೊನೆಯಲ್ಲಿ ಬ್ಯಾಂಕಿನಲ್ಲಿ ತಲೆ ಎತ್ತಲೂ ಆಗದ ದಿನ ಪೂಜೆ ತಪ್ಪಿದರೆ ಕೊರಗಲು ಕಾರಣವೇ ಇಲ್ಲ. ಕೈಯಲ್ಲಿರುವ ಕೆಲಸವನ್ನು ಪ್ರಾಮಾಣಿಕವಾಗಿ, ಎದುರಿಗಿರುವ ಮನುಷ್ಯನ ಮುಖ ನೋಡಿ ಮಾಡಿ. ಪಿಂಚಣಿ ತೆಗೆಯಲು ಬಂದ ಅಜ್ಜನಿಗೆ ಚಲನ್ ತುಂಬಿಕೊಡುವುದು ನಿಮ್ಮ ಕಾಯಕ. ಆ ಅಜ್ಜನ ಜೊತೆ ಇರುವಾಗ ಪೂರ್ತಿ ಅಲ್ಲೇ ಇರಿ.

ಆದರೆ ಈ ಮಾತನ್ನು ನೆಪ ಮಾಡಿಕೊಳ್ಳುವವರೂ ಇದ್ದಾರೆ. ‘ಅಂಗಡಿನೇ ನಮ್ಮ ಪೂಜೆ, ಬೇರೆ ಯಾಕೆ’ ಅನ್ನುತ್ತಾರೆ. ಶರಣರ ಕಾಯಕಕ್ಕೆ ಎರಡು ಷರತ್ತು ಇದ್ದವು. ದುಡಿಮೆ ಸತ್ಯಶುದ್ಧವಾಗಿರಬೇಕು, ಬಂದದ್ದರಲ್ಲಿ ದಾಸೋಹ ಆಗಬೇಕು. ಎರಡೂ ಇಲ್ಲದಿದ್ದರೆ ಅದು ಬರೀ ವ್ಯಾಪಾರ. ನಮ್ಮ ಕಡೆ ದಾಸೋಹದ ಅಳತೆಯನ್ನು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಒಂದೇ ಮಾತಿನಲ್ಲಿ ಹೇಳಿದ್ದಾರೆ: ‘ಮಾಡಿದಷ್ಟು ನೀಡು ಭಿಕ್ಷೆ’. ಮಳೆ ಕಡಿಮೆ ಬೀಳುವ ಆ ಸೀಮೆಯಲ್ಲಿ ಅವರು ಕೆರೆಗಳನ್ನು ಕಟ್ಟಿಸಿದರು ಅಂತ ಜನ ಇವತ್ತಿಗೂ ನೆನೆಯುತ್ತಾರೆ. ಫಾಲ್ಗುಣದ ತೇರಿಗೆ ಹೋಗಿ ಕೊಬ್ಬರಿ ಸುಟ್ಟು ಬರುವ ನಾವು ಆ ಕೆರೆಗಳನ್ನೂ ನೆನಪಿಟ್ಟುಕೊಳ್ಳಬೇಕು. ನಿಮ್ಮಿಂದ ಎಷ್ಟಾಗುತ್ತದೋ ಅಷ್ಟು ಮಾಡಿ. ಬೀದಿಯ ಒಂದು ಮಗುವಿಗೆ ವಾರಕ್ಕೊಂದು ಸಲ ಲೆಕ್ಕ ಹೇಳಿಕೊಡಬಹುದು. ಭಾನುವಾರದ ಆನ್‌ಲೈನ್ ಕ್ಲಾಸಿನ ಹೊತ್ತು ಅದಕ್ಕೆ ಸಾಕು. ಅದೂ ಈ ತಿಂಗಳು ಬೇಡ, ಮುಂದಿನ ತಿಂಗಳಿಂದ.

ಸೋಮವಾರದ ಉಪವಾಸದ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನ ದಿನ ಅಂತ. ದುಡಿಯುವ ಜೀವಕ್ಕೆ ಅವತ್ತು ಬಿಡುವು. ನೀವು ಅದೇ ಸೋಮವಾರ ಹೊಟ್ಟೆಗೆ ಏನೂ ಇಲ್ಲದೆ ದಿನವಿಡೀ ಕೌಂಟರ್‌ನಲ್ಲಿ ಕೂತು, ಸಂಜೆ ಹರಿಹರದ ಬಸ್ಸು ಹತ್ತುತ್ತೀರಿ. ಎತ್ತಿಗೆ ಕೊಡುವ ಬಿಡುವನ್ನು ನಿಮಗೂ ಕೊಟ್ಟುಕೊಳ್ಳಿ ತಂಗಿ. ಶರಣರಲ್ಲಿ ಊಟಕ್ಕೆ ಪ್ರಸಾದದ ಸ್ಥಾನ. ಲಿಂಗಕ್ಕೆ ಅರ್ಪಿಸಿ, ಬೇಕಾದಷ್ಟೇ ಬಡಿಸಿಕೊಂಡು, ಒಂದಗುಳೂ ಚೆಲ್ಲದೆ ಉಣ್ಣುವುದು ಉಪವಾಸಕ್ಕಿಂತ ಕಷ್ಟದ ವ್ರತ. ತೀರಾ ಬಿಡಲು ಮನಸ್ಸಿಲ್ಲದಿದ್ದರೆ ಹಗಲು ಎಂದಿನಂತೆ ಉಂಡು, ರಾತ್ರಿಯ ಊಟವನ್ನಷ್ಟೇ ಹಗುರ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು, ದಿನಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ಹರಿಹರೇಶ್ವರನ ಗುಡಿ ಕಟ್ಟಿದ್ದು 1224ರಲ್ಲಿ. ಎಂಟುನೂರು ವರ್ಷದಿಂದ ಅಲ್ಲೇ ಇದೆ. ನೀವು ವಾರವಾರ ಹೋಗದಿದ್ದರೂ ಆತ ಮುನಿಯುವುದಿಲ್ಲ. ರಜೆಯ ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಕೂತು, ತುಂಗಭದ್ರೆಯನ್ನು ನೋಡಿ ಬನ್ನಿ.

ಮುಟ್ಟಿನ ದಿನಗಳ ಪ್ರಶ್ನೆಗೆ ನಾನು ನೇರವಾಗಿಯೇ ಹೇಳುತ್ತೇನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳನ್ನು ಶರಣರು ಒಪ್ಪಲಿಲ್ಲ. ಲಿಂಗ ಕಟ್ಟಿಕೊಂಡ ದೇಹಕ್ಕೆ ಸೂತಕವಿಲ್ಲ ಅನ್ನುವುದು ಈ ದಾರಿಯ ಮೂಲದ ಮಾತುಗಳಲ್ಲಿ ಒಂದು. ಆ ದಿನಗಳಲ್ಲಿ ಲಿಂಗವನ್ನು ತೆಗೆದಿಡಬೇಕಾದ ಅಗತ್ಯವೇ ಇಲ್ಲ. ನಿಮ್ಮ ಅತ್ತೆ ಬೇಡ ಅನ್ನುವುದು ದ್ವೇಷದಿಂದ ಅಲ್ಲ, ಅವರಿಗೆ ಅವರ ಅತ್ತೆ ಕಲಿಸಿದ್ದು ಅದು. ಒಮ್ಮೆ ಕೂತು ಶಾಂತವಾಗಿ ಮಾತಾಡಿ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ದೇವರ ಮನೆಗೇ ಹೋಗಬೇಕು ಅಂತ ಏನಿಲ್ಲ. ನಿಮ್ಮ ದೇವರು ನಿಮ್ಮ ಎದೆಯ ಮೇಲೇ ಇದ್ದಾನೆ. ಹೊಟ್ಟೆನೋವಿದ್ದರೆ ಹಾಸಿಗೆಯಲ್ಲೇ ಮಲಗಿಕೊಂಡು ಮಂತ್ರ ನೆನೆಯಿರಿ. ಆಗ ನೇಮ ಮುರಿಯುವುದಿಲ್ಲ, ದೇಹಕ್ಕೂ ವಿಶ್ರಾಂತಿ ಸಿಗುತ್ತದೆ. ನಾಳೆ ನಿಮ್ಮ ಮಗಳು ದೊಡ್ಡವಳಾದಾಗ ಆ ಭಯ ಅವಳವರೆಗೆ ಹೋಗದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ಆದರೆ ಸಾಲುಗಳ ನಡುವೆ ಕಾಣುತ್ತಿದೆ. ಬೆಳಗಿನ ಅಡುಗೆ, ಡಬ್ಬಿ, ಮಕ್ಕಳ ತಯಾರಿ, ಅತ್ತೆಯ ಔಷಧ ಎಲ್ಲವೂ ನಿಮ್ಮ ಮೇಲೆಯೇ ಇದ್ದಂತಿದೆ. ಯಜಮಾನರ ಅಂಗಡಿ ತೆರೆಯುವುದು ಹತ್ತಕ್ಕೋ ಹತ್ತೂವರೆಗೋ ಇರಬೇಕು. ಮನೆಯ ಹೊರೆ ಒಬ್ಬರ ಮೇಲೇ ಇದ್ದಾಗ ಅದನ್ನು ಧ್ಯಾನದಿಂದ ಸರಿಮಾಡಲು ಹೋದರೆ ಸೋಲುತ್ತೀರಿ. ಅದಕ್ಕೆ ಬೇಕಾದದ್ದು ಕೆಲಸ ಹಂಚಿಕೊಳ್ಳುವುದು. ಈ ಉತ್ತರವನ್ನು ಅವರಿಗೂ ಓದಲು ಕೊಡಿ. ತಮ್ಮಾ, ನಿಮಗೇ ಹೇಳುತ್ತಿದ್ದೇನೆ: ಬೆಳಗ್ಗೆ ಅರ್ಧ ಗಂಟೆ ಮಕ್ಕಳನ್ನು ನೀವು ನೋಡಿಕೊಂಡರೆ ನಿಮ್ಮ ಮನೆಯಲ್ಲಿ ಒಂದು ಪೂಜೆ ಸಮಾಧಾನವಾಗಿ ನಡೆಯುತ್ತದೆ. ಶೂ ಹುಡುಕಿಕೊಡುವುದು ಅಪ್ಪನಿಗೂ ಬರುತ್ತದೆ.

ಲಿಂಗದೀಕ್ಷೆ ಇಲ್ಲದ ಓದುಗರೂ ಇದನ್ನು ಓದುತ್ತಿರುತ್ತೀರಿ. ನಿಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದಿರುವ ಒಂದನ್ನು ಹಿಡಿಯಿರಿ. ತುಳಸಿಗೆ ನೀರೆರೆದು ಎರಡು ನಿಮಿಷ ನಿಲ್ಲುವುದಾದರೂ ಆದೀತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಎದುರು ದುಡಿಯುವ ಎಷ್ಟೋ ಜನ ಹೊತ್ತಾದ ಕೂಡಲೇ ಕೈಕಾಲು ತೊಳೆದು ನಮಾಜಿಗೆ ನಿಲ್ಲುತ್ತಾರೆ. ಮುಗಿದ ಮೇಲೆ ಮತ್ತೆ ಭಟ್ಟಿಗೆ. ಹೊತ್ತು ಗೊತ್ತಾಗಿದೆ, ಅಳತೆ ಗೊತ್ತಾಗಿದೆ, ಇವತ್ತು ಮಾಡಲೋ ಬೇಡವೋ ಅನ್ನುವ ತಕರಾರೇ ಇಲ್ಲ. ಅದರಿಂದ ನಾವೆಲ್ಲರೂ ಕಲಿಯಬಹುದು.

ಈ ಒಂದು ತಿಂಗಳಲ್ಲಿ ಏನು ನೋಡಬೇಕು ಅಂತ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ರಾತ್ರಿ ಎರಡೇ ಮಾತು ಬರೆಯಿರಿ: ಎಷ್ಟು ಗಂಟೆ ಮಲಗಿದೆ, ಸಿಟ್ಟು ಬಂದಾಗ ಎಷ್ಟು ಹೊತ್ತಿಗೆ ಇಳಿಯಿತು. ಸಿಟ್ಟು ಬರಲೇಬಾರದು ಅನ್ನುವ ಗುರಿ ಬೇಡ. ಅರ್ಧ ದಿನ ಇರುತ್ತಿದ್ದ ಸಿಟ್ಟು ಒಂದು ಗಂಟೆಗೆ ಇಳಿದರೆ ಪೂಜೆ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಎರಡನೇ ವಾರದಲ್ಲಿ ಬೇಜಾರು ಬರುತ್ತದೆ. ಇಷ್ಟೇನಾ, ಏನೂ ಆಗುತ್ತಿಲ್ಲವಲ್ಲ, ಹಳೆಯದನ್ನೇ ಶುರು ಮಾಡೋಣ ಅನ್ನಿಸುತ್ತದೆ. ಆಗ ಏನನ್ನೂ ಸೇರಿಸಬೇಡಿ. ಒಣಗಿದಂತೆ ಅನ್ನಿಸುವ ದಿನಗಳು ಎಲ್ಲ ಸಾಧಕರಿಗೂ ಬರುತ್ತವೆ. ಅವತ್ತೂ 20 ನಿಮಿಷ ಕೂತು ಎದ್ದರೆ ಸಾಕು.

ಒಂದು ಎಚ್ಚರಿಕೆ. ನಿದ್ದೆ ಸರಿಮಾಡಿಕೊಂಡ ಮೇಲೂ ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿಯೇ ಇದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದಕ್ಕೆ ವೈದ್ಯರ ಹತ್ತಿರವೇ ಹೋಗಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದು, ಒಂದು ರಕ್ತಪರೀಕ್ಷೆ ಮಾಡಿಸಿ. ಬದುಕೇ ಬೇಡ ಅನ್ನುವ ಯೋಚನೆ ಯಾವತ್ತಾದರೂ ಬಂದರೆ ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ತೆಗೆದುಕೊಳ್ಳುವುದರಿಂದ ಭಕ್ತಿ ಕಡಿಮೆಯಾಗುವುದಿಲ್ಲ.

ಕೊನೆಗೆ ಆ ಮೌನ ಶಿಬಿರ. ಈಗ ಬೇಡ. 10 ದಿನದ ಮೌನ ಅಂದರೆ ದಿನಕ್ಕೆ ಹಲವು ಗಂಟೆ ಕೂರಬೇಕು, ಫೋನ್ ಇಲ್ಲ, ಮಾತಿಲ್ಲ. ನಿದ್ದೆಗೆಟ್ಟು, ಕೊರಗು ಹೊತ್ತುಕೊಂಡು ಹೋದವರಿಗೆ ಅಲ್ಲಿ ಕೊರಗೇ ದೊಡ್ಡದಾಗಿ ಕಾಣಬಹುದು. ಹಿಂದೆ ಖಿನ್ನತೆ, ವಿಪರೀತ ಗಾಬರಿ ಅನುಭವಿಸಿದವರಿಗೆ ತೊಂದರೆಯೂ ಆಗಬಹುದು. ನಿಮ್ಮ ಒಂದೇ ನೇಮ ಆರು ತಿಂಗಳು ನೆಮ್ಮದಿಯಾಗಿ ನಡೆಯಲಿ. ಆಮೇಲೂ ಹೋಗಬೇಕು ಅನ್ನಿಸಿದರೆ ಮೊದಲು ಎರಡು ಮೂರು ದಿನದ ಶಿಬಿರಕ್ಕೆ ಹೋಗಿ ನೋಡಿ. 10 ದಿನದ್ದಕ್ಕೆ ಅರ್ಜಿ ಹಾಕುವಾಗ ನಿಮ್ಮ ಆರೋಗ್ಯದ ವಿಷಯ, ತೆಗೆದುಕೊಳ್ಳುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಮಕ್ಕಳ ಪರೀಕ್ಷೆ ಮುಗಿದ ಮೇಲಿನ ದಿನಾಂಕ ನೋಡಿಕೊಳ್ಳಿ. ಆ 10 ದಿನ ಮನೆ ನೋಡಿಕೊಳ್ಳುವವರು ಯಾರು ಅನ್ನುವುದನ್ನು ಯಜಮಾನರ ಜೊತೆ ಕೂತು ಮೊದಲೇ ಗೊತ್ತು ಮಾಡಿಕೊಂಡು, ಆಮೇಲೆ ಹೆಸರು ಕೊಡಿ.